ಎಸ್2 ನಕ್ಷತ್ರ ಹಿಡಿದು ಕಪ್ಪುಕುಳಿಯ ತೂಕ ನೋಡಿದ್ದು

ಕಪ್ಪುಕುಳಿಯ ತೂಕ ಲೆಕ್ಕ ಹಾಕಲು ನನ್ನ ಹತ್ತಿರ ಇದ್ದದ್ದು ಹಳೇ ಲ್ಯಾಪ್‌ಟಾಪ್, ಒಂದು ಸ್ಪ್ರೆಡ್‌ಶೀಟ್, ಅಷ್ಟೇ. ಕಷ್ಟದ ಕೆಲಸವನ್ನು ಬೇರೆಯವರು ಮಾಡಿಟ್ಟಿದ್ದಾರೆ. ಹಾಲುಹಾದಿಯ ನಟ್ಟನಡುವೆ ಇರುವ ಆ ಕಪ್ಪುಕುಳಿಯನ್ನು ಸುತ್ತುವ ಎಸ್2 ನಕ್ಷತ್ರವನ್ನು ರೈನ್‌ಹಾರ್ಡ್ ಗೆನ್ಜೆಲ್ ತಂಡ ಚಿಲಿಯಿಂದ, ಆಂಡ್ರಿಯಾ ಘೆಜ್ ತಂಡ ಹವಾಯಿಯಿಂದ ವರ್ಷಗಟ್ಟಲೆ ಹಿಂಬಾಲಿಸಿತು. ನಡುವೆ ದೂಳು ಜಾಸ್ತಿ, ಅದಕ್ಕೇ ದೂಳನ್ನು ದಾಟಿ ಬರುವ ಅವಕೆಂಪು ಬೆಳಕಿನಲ್ಲಿ. 2020ರ ಭೌತಶಾಸ್ತ್ರ ನೊಬೆಲ್‌ನ ಅರ್ಧ ಪಾಲು ಈ ಇಬ್ಬರಿಗೆ ಬಂತು. ಅಳತೆಗಳ ಪಟ್ಟಿ ಪ್ರಕಟವಾಗಿದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು.

ಮೊದಲು ಪ್ರತಿ ಅಳತೆಗೂ ನಕ್ಷತ್ರ ಇದ್ದ ಜಾಗದಲ್ಲಿ ಒಂದು ಚುಕ್ಕಿ ಇಟ್ಟೆ. 1990ರ ದಶಕದವು ಅಲ್ಲಿ ಇಲ್ಲಿ ಚದುರಿದ್ದವು, ಅಡಾಪ್ಟಿವ್ ಆಪ್ಟಿಕ್ಸ್ (ಗಾಳಿಯಿಂದಾಗುವ ಮಸುಕನ್ನು ಸರಿಪಡಿಸುವ ತಂತ್ರ) ಬಂದ ನಂತರದವು ಗೆರೆ ಎಳೆದಂತೆ ಕೂತವು. 2002ರ ಹತ್ತಿರ ಮಾತ್ರ ಚುಕ್ಕಿಗಳ ನಡುವೆ ದೊಡ್ಡ ದೊಡ್ಡ ಅಂತರ. ನಕ್ಷತ್ರ ಅಲ್ಲಿ ಓಡುತ್ತಿತ್ತು! ಆದರೆ ಸಜಿಟೇರಿಯಸ್ ಎ* (ಆ ಕಪ್ಪುಕುಳಿಯ ಹೆಸರು) ಇರುವ ಜಾಗ ದೀರ್ಘವೃತ್ತದ ನಾಭಿಯಲ್ಲಿ ಕೂರಲೇ ಇಲ್ಲ. ಕಕ್ಷೆ ನಮಗೆ ಓರೆಯಾಗಿದೆ, ಕಾಣುವುದು ಅದರ ಚಪ್ಪಟೆ ನೆರಳು. ಓರೆಯ ಕೋನಗಳನ್ನೂ ಸಾಲ್ವರ್‌ಗೆ (ಸರಿಹೊಂದುವ ಬೆಲೆ ಹುಡುಕುವ ಸ್ಪ್ರೆಡ್‌ಶೀಟ್ ಸಾಧನ) ಹುಡುಕಲು ಬಿಟ್ಟ ಮೇಲೆ ಸರಿಹೋಯಿತು.

ಆಮೇಲಿನ ಲೆಕ್ಕ ಕಕ್ಷೆಗಳ ನಿಯಮ ಕೊಟ್ಟ ಕೆಪ್ಲರ್‌ನದು. ಕಕ್ಷೆಯ ಅರ್ಧ ಉದ್ದ ಸುಮಾರು 0.125 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್), ನಮ್ಮಿಂದ ದೂರ 8,200 ಪಾರ್ಸೆಕ್ (ಒಂದು ಪಾರ್ಸೆಕ್ ಸುಮಾರು 3.26 ಜ್ಯೋತಿರ್ವರ್ಷ). ಎರಡನ್ನೂ ಗುಣಿಸಿದರೆ ನೇರವಾಗಿ ಖಗೋಳಮಾನದಲ್ಲೇ (ಭೂಮಿಯಿಂದ ಸೂರ್ಯನಿಗಿರುವ ದೂರ ಒಂದು ಖಗೋಳಮಾನ) ಉತ್ತರ: 1,025. ಅದರ ಘನವನ್ನು, ಎಸ್2 ಒಂದು ಸುತ್ತಿಗೆ ತೆಗೆದುಕೊಳ್ಳುವ 16 ವರ್ಷದ ವರ್ಗದಿಂದ ಭಾಗಿಸಿ. 42 ಲಕ್ಷ ಸೂರ್ಯರು! ತಜ್ಞರ ಲೆಕ್ಕ ಸುಮಾರು 43 ಲಕ್ಷ.

ದೂರವನ್ನು 8,400 ಮಾಡಿ ನೋಡಿದೆ. 45 ಲಕ್ಷಕ್ಕೆ ಹಾರಿತು. ಘನದ ಆಟ ಇದು. ಹಾಗಾದರೆ ದೂರವನ್ನು ನಂಬುವುದು ಹೇಗೆ? ನನಗೆ ತುಂಬಾ ಹಿಡಿಸಿದ್ದು ಇದೇ ಭಾಗ. ಚಿತ್ರದಲ್ಲಿ ನಕ್ಷತ್ರದ ಚಲನೆ ಕೋನದಲ್ಲಿ ಸಿಗುತ್ತದೆ. ರೋಹಿತದಲ್ಲಿ (ಬಣ್ಣಬಣ್ಣವಾಗಿ ಬಿಡಿಸಿದ ನಕ್ಷತ್ರದ ಬೆಳಕು) ಜಲಜನಕದ ಗೆರೆ ಎಷ್ಟು ಸರಿದಿದೆ ಎಂದು ನೋಡಿದರೆ ವೇಗ ಸೆಕೆಂಡಿಗೆ ಇಷ್ಟು ಕಿಲೋಮೀಟರ್ ಅಂತ ಸಿಗುತ್ತದೆ. ಒಂದೇ ಕಕ್ಷೆ ಎರಡಕ್ಕೂ ಹೊಂದಬೇಕು, ಅಲ್ವಾ? ಹಾಗೆ ಹೊಂದುವುದು ಒಂದೇ ದೂರದಲ್ಲಿ.

ಬರೀ ತೂಕ ಸಿಕ್ಕರೆ ಅದು ಕಪ್ಪುಕುಳಿ ಎಂದಾಗುವುದಿಲ್ಲ. ಒತ್ತೊತ್ತಾದ ನಕ್ಷತ್ರಗುಂಪೂ ಇರಬಹುದು. ಎಸ್2 ಹತ್ತಿರ ಬಂದಾಗ ನಡುವಿನಿಂದ 120 ಖಗೋಳಮಾನ ಮಾತ್ರ ದೂರ, ಅಂದರೆ ಸೂರ್ಯನಿಂದ ನೆಪ್ಚೂನ್ ಇರುವ ದೂರದ ನಾಲ್ಕರಷ್ಟು. ಅಷ್ಟರೊಳಗೆ 40 ಲಕ್ಷಕ್ಕೂ ಹೆಚ್ಚು ಸೂರ್ಯರನ್ನು ತುಂಬಿದರೆ ಅಂಥ ಗುಂಪು ಹೆಚ್ಚು ಕಾಲ ಉಳಿಯಲಾರದು.

ಐನ್‌ಸ್ಟೈನ್ ಹೇಳುವಂತೆ ಕಕ್ಷೆಯೇ ಒಂದು ಸುತ್ತಿಗೆ ಸುಮಾರು 12 ಆರ್ಕ್‌ಮಿನಿಟ್ (ಡಿಗ್ರಿಯ ಐದನೇ ಒಂದು ಪಾಲು) ತಿರುಗುತ್ತದೆ. ನನ್ನ ಲೆಕ್ಕದಲ್ಲಿ ಅದು ಕಾಣಲಿಲ್ಲ. ಅದನ್ನು ಹಿಡಿಯಲು ಚಿಲಿಯ ನಾಲ್ಕು ದೊಡ್ಡ ಟೆಲಿಸ್ಕೋಪುಗಳ ಬೆಳಕನ್ನು ಒಂದುಗೂಡಿಸುವ ಗ್ರಾವಿಟಿ ಉಪಕರಣ ಬೇಕಾಯಿತು.