ಹೆಜ್ಜೆ ಸದ್ದಿಗಲ್ಲ, ಮೈ ಬಿಸಿಗೆ ಹೊತ್ತುವ ದೀಪ: ಮನೆ ಹೊರಗೆ ಸೆನ್ಸರ್ ಲೈಟ್ ಹಾಕುವುದು ಹೇಗೆ?

ಸೆನ್ಸರ್ ಲೈಟ್, ಅಂದರೆ ಯಾರಾದರೂ ಹತ್ತಿರ ಬಂದರೆ ತಾನೇ ಹೊತ್ತಿಕೊಳ್ಳುವ ದೀಪ, ತಂದ ದಿನವೇ ಗೋಡೆಗೆ ಡ್ರಿಲ್ ಹಾಕಬೇಡಿ. ಮೊದಲು ಒಂದು ಸಂಜೆ, ಪೂರ್ತಿ ಕತ್ತಲಾದ ಮೇಲೆ, ಮನೆ ಸುತ್ತ ನಡೆದು ನೋಡಿ. ಗೇಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಹಿತ್ತಲಿಗೆ. ಕಾಲು ಎಲ್ಲಿ ತಡವರಿಸುತ್ತದೋ, ಬೀಗದ ಕೈ ಎಲ್ಲಿ ಹುಡುಕುತ್ತೀರೋ, ಬೆಳಕು ಬೇಕಾಗಿರುವುದು ಅಲ್ಲಿ.

ನಾನು ಹೀಗೆ ನೋಡದೆ ಮೊದಲ ಲೈಟನ್ನು ಗೇಟಿನ ಕಂಬಕ್ಕೆ, ರಸ್ತೆ ಕಡೆ ಮುಖ ಮಾಡಿ ಹಾಕಿಸಿದ್ದೆ. ಗೋವಾದ ವಾಸ್ಕೋದ ನಮ್ಮ ಓಣಿಯಲ್ಲಿ ರಾತ್ರಿ ಹನ್ನೊಂದರವರೆಗೂ ಸ್ಕೂಟರ್ ಓಡಾಟ ಇರುತ್ತದೆ. ಒಂದೊಂದು ಸ್ಕೂಟರಿಗೂ ಲೈಟ್ ಹೊತ್ತಿಕೊಂಡು ಎದುರು ಮನೆ ವೈನಿಯ ಕಿಟಕಿಗೆ ಹೊಡೆಯುತ್ತಿತ್ತು, ಅವ್ವ ನಸುಕಿನಲ್ಲಿ ಹೋಗುವ ಹಿತ್ತಲು ಮಾತ್ರ ಕತ್ತಲಾಗಿಯೇ ಇತ್ತು. "ನನಗ ಬೆಳಕು ಬೇಕಾಗಿದ್ದು ಹಿತ್ತಲದಾಗ" ಅಂದಳು ಅವ್ವ. ಮರುದಿನವೇ ಅದನ್ನು ಬಿಚ್ಚಿಸಿದೆ.

ಜಾಗ ಯಾಕೆ ಅಷ್ಟು ಮುಖ್ಯ ಅಂದರೆ, ಅದು ಈ ಸೆನ್ಸರ್ ಕೆಲಸ ಮಾಡುವ ರೀತಿಯಲ್ಲೇ ಇದೆ. ಮನೆಗೆ ಹಾಕುವ ಲೈಟುಗಳಲ್ಲಿ ಜಾಸ್ತಿ ಸಿಗುವುದು ಪಿಐಆರ್ ಸೆನ್ಸರ್. ನಮ್ಮ ಮೈಯಿಂದ ಹೊರಡುವ ಶಾಖದ ಕಿರಣವನ್ನು, ಅಂದರೆ ಇನ್‌ಫ್ರಾರೆಡ್ ಅನ್ನು, ಅದು ಹಿಡಿಯುತ್ತದೆ. ಮುಂದಿನ ಬಿಳಿ ಪ್ಲಾಸ್ಟಿಕ್ ಲೆನ್ಸ್ ನಿಮ್ಮ ಅಂಗಳವನ್ನು ಬೀಸಣಿಗೆಯ ಮಡಿಕೆಗಳ ಹಾಗೆ ಪಟ್ಟಿ ಪಟ್ಟಿಯಾಗಿ ನೋಡುತ್ತದೆ, ಬಿಸಿ ಮೈಯೊಂದು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದ ಕೂಡಲೇ ಲೈಟ್ ಹೊತ್ತಿಕೊಳ್ಳುತ್ತದೆ. ಅದಕ್ಕೇ ಎದುರು ಅಡ್ಡ ಹಾದು ಹೋದರೆ ನೀವು ಬೇಗ ಕಾಣುತ್ತೀರಿ, ನೇರ ಅದರತ್ತ ನಡೆದು ಬಂದರೆ ತಡವಾಗಿ. ಹಾಗಾಗಿ ಲೈಟನ್ನು ದಾರಿಯ ಕೊನೆಯಲ್ಲಿ ಅಲ್ಲ, ದಾರಿಯ ಪಕ್ಕದ ಗೋಡೆಗೆ ಹಾಕಿ. ಎತ್ತರ 2ರಿಂದ 2.5 ಮೀಟರ್ ಸಾಕು. ಮುಖ ಸ್ವಲ್ಪ ಕೆಳಗೆ ಬಾಗಿರಲಿ, ಆಗ ಬೆಳಕು ನಿಮ್ಮ ಅಂಗಳದಲ್ಲೇ ಉಳಿಯುತ್ತದೆ, ಪಕ್ಕದವರ ಮಲಗುವ ಕೋಣೆಗೆ ಹೋಗುವುದಿಲ್ಲ. ಎಸಿಯ ಹೊರಗಿನ ಯೂನಿಟ್, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಇದರ ಎದುರು ಬೇಡ. ಬಿಸಿ ಗಾಳಿ ಬೀಸಿದರೂ ಅದು ಯಾರೋ ಬಂದರು ಅಂದುಕೊಳ್ಳುತ್ತದೆ.

ಒಂದು ಮಾತು ದಯವಿಟ್ಟು ನೆನಪಿಡಿ. ಮಳೆಗಾಲದಲ್ಲಿ ಇಲ್ಲಿನ ಹಿತ್ತಲುಗಳಿಗೆ ಹಾವು ಬರುತ್ತವೆ, ಆದರೆ ಹಾವಿನ ಮೈ ಸುತ್ತಲಿನ ನೆಲದಷ್ಟೇ ಬೆಚ್ಚಗಿರುವುದರಿಂದ ಪಿಐಆರ್‌ಗೆ ಅದು ಸರಿಯಾಗಿ ಕಾಣುವುದಿಲ್ಲ. ಲೈಟ್ ಹೊತ್ತಿಲ್ಲ, ಅಂದರೆ ಏನೂ ಇಲ್ಲ ಅಂತ ತಿಳಿಯಬೇಡಿ. ನೀವು ಕಾಲಿಟ್ಟು ಬೆಳಕು ಬಂದ ಮೇಲೆ ಒಮ್ಮೆ ನೆಲ ನೋಡಿ ಮುಂದೆ ಹೋಗಿ.

ಮೈಕ್ರೋವೇವ್ ಸೆನ್ಸರ್ ಅಂತ ಇನ್ನೊಂದು ಬಗೆ ಇದೆ. ಅದು ಗಾಜು, ತೆಳು ಗೋಡೆ ದಾಟಿಯೂ ಚಲನೆ ಹಿಡಿಯುತ್ತದೆ. ಒಳಗಿನ ಮೆಟ್ಟಿಲಿಗೆ ಚೆನ್ನ. ಹೊರಗೆ ಜೋರು ಮಳೆ, ಅಲ್ಲಾಡುವ ಬಾಳೆ ಎಲೆ, ಎಲ್ಲಕ್ಕೂ ಹೊತ್ತಿಕೊಳ್ಳಬಹುದು.

ಅಂಗಡಿಯಲ್ಲಿ ನೋಡಬೇಕಾದದ್ದು ಮೊದಲು ಐಪಿ ನಂಬರ್, ಲೈಟ್ ಧೂಳು, ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವುದು ಅದೇ. ಬಯಲಿನ ಗೋಡೆಗೆ ಐಪಿ65 ಬೇಕು. ಅಂದರೆ ಧೂಳು ಒಳಗೆ ಹೋಗುವುದಿಲ್ಲ, ಯಾವ ಕಡೆಯಿಂದ ನೀರು ಚಿಮ್ಮಿದರೂ ತಡೆಯುತ್ತದೆ. ಸಜ್ಜದ ಕೆಳಗಾದರೆ ಐಪಿ44 ನಡೆಯುತ್ತದೆ. ಹಿತ್ತಲಿಗೆ 10 ವ್ಯಾಟ್ ಎಲ್‌ಇಡಿ ಸಾಕು. ಬಣ್ಣ 3000 ಕೆಲ್ವಿನ್‌ನ ಹಳದಿ ಬೆಳಕು ಇರಲಿ, 6500ರ ಬಿಳಿ ಬೆಳಕಿಗೆ ಹುಳ ಜಾಸ್ತಿ ಮುತ್ತುತ್ತವೆ. ಸೋಲಾರ್ ಲೈಟಿಗೆ ವೈರಿಂಗ್ ಬೇಡ, ನಿಜ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾದ ಮೋಡದಲ್ಲಿ, ಅದೂ ತೆಂಗಿನ ಮರದ ನೆರಳಿನಲ್ಲಿ, ಚಾರ್ಜ್ ಸಾಲುವುದಿಲ್ಲ. ಬೆಳಕು ತುಂಬಾ ಬೇಕಾಗುವುದು ಆಗಲೇ ಅಲ್ವಾ?

ಈಗ ಜೋಡಿಸುವ ಕೆಲಸ. ಮೊದಲು ಆ ಲೈನಿನ ಕರೆಂಟ್ ನಿಲ್ಲಿಸುವ ಎಂಸಿಬಿ ಸ್ವಿಚ್ ಇಳಿಸಿ. ಟೆಸ್ಟರನ್ನು ಕರೆಂಟ್ ಇರುವ ಬೇರೆ ಪಾಯಿಂಟಿಗೆ ಹಿಡಿದು ಅದು ಸರಿ ಇದೆಯಾ ನೋಡಿ, ಆಮೇಲೆ ಈ ವೈರಿಗೆ ಹಿಡಿಯಿರಿ. ಹಳೇ ಮನೆಗಳಲ್ಲಿ ವೈರಿನ ಬಣ್ಣ ನಂಬುವ ಹಾಗಿಲ್ಲ, ಟೆಸ್ಟರ್ ಹೇಳಿದ್ದೇ ನಿಜ. ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ಜೋಡಿಸಿ. ಲೋಹದ ಬಾಡಿ ಇದ್ದರೆ ಅರ್ಥ್ ಬಿಡಲೇಬೇಡಿ. ಹೊರಗಿನ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಇರುವುದು ಒಳ್ಳೆಯದು. ಇದರಲ್ಲಿ ಯಾವುದು ಗೊತ್ತಾಗದಿದ್ದರೂ ವೈರ್‌ಮನ್ ಕರೆಸಿ, ಪಕ್ಕದಲ್ಲಿ ನಿಂತು ಮಾಡಿಸಿಕೊಳ್ಳಿ.

ನಿಂತು ನೋಡಲೇಬೇಕಾದದ್ದು ನೀರಿನ ವಿಷಯ. ನಮ್ಮ ಎರಡನೇ ಲೈಟ್ ಮೊದಲ ಮಳೆಗೇ ಹೋಯಿತು. ಲೈಟಿನಲ್ಲಿ ದೋಷ ಇರಲಿಲ್ಲ, ವೈರನ್ನು ಮೇಲಿನಿಂದ ನೇರವಾಗಿ ಒಳಗೆ ಬಿಟ್ಟಿದ್ದರು, ಅದರ ಗುಂಟ ನೀರು ಇಳಿದಿತ್ತು. ವೈರನ್ನು ಲೈಟಿಗಿಂತ ಕೆಳಗೆ ಇಳಿಸಿ, ಬಳಸಿ ಮೇಲಕ್ಕೆ ತಂದು ಒಳಗೆ ಬಿಡಬೇಕು. ಆಗ ನೀರು ಆ ಬಾಗಿದ ಜಾಗದಲ್ಲೇ ತೊಟ್ಟಿಕ್ಕುತ್ತದೆ. ಗೋಡೆಗೆ ಕೂರುವ ಅಂಚಿಗೆ ಮೇಲೆ ಮತ್ತು ಎರಡೂ ಬದಿ ಸಿಲಿಕೋನ್ ಹಚ್ಚಿ, ಕೆಳಗಿನ ಅಂಚಿಗೆ ಹಚ್ಚದೆ ಬಿಡಿ. ಒಳಗೆ ಸೇರಿದ ತೇವ ಹೊರಗೆ ಹೋಗಲು ದಾರಿ ಬೇಕು. ಸಮುದ್ರದ ಉಪ್ಪು ಗಾಳಿಗೆ ಮಾಮೂಲಿ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದೇ ಕೇಳಿ. ಚಿರೆಕಲ್ಲಿನ ಗೋಡೆ ಮೆತ್ತಗಿರುತ್ತದೆ, ಅದಕ್ಕೆ ಸ್ಕ್ರೂ ಹಿಡಿಯುವ ಪ್ಲಗ್ ಉದ್ದನೆಯದು ಹಾಕಿ.

ಕರೆಂಟ್ ಕೊಟ್ಟ ಮೇಲೆ ಒಂದು ನಿಮಿಷ ಸುಮ್ನೆ ಬಿಡಿ, ಸೆನ್ಸರ್ ಸಿದ್ಧವಾಗಲು ಅಷ್ಟು ಹೊತ್ತು ಬೇಕು. ಸುಮಾರು ಲೈಟುಗಳಲ್ಲಿ ಮೂರು ತಿರುಪು ಇರುತ್ತವೆ: ಎಷ್ಟು ಕತ್ತಲಾದ ಮೇಲೆ ಹೊತ್ತಬೇಕು ಅನ್ನುವುದಕ್ಕೆ ಲಕ್ಸ್, ಎಷ್ಟು ಹೊತ್ತು ಉರಿಯಬೇಕು ಅನ್ನುವುದಕ್ಕೆ ಟೈಮ್, ಎಷ್ಟು ದೂರದಿಂದ ಹಿಡಿಯಬೇಕು ಅನ್ನುವುದಕ್ಕೆ ಸೆನ್ಸ್. ಲಕ್ಸ್ ಅನ್ನುವುದನ್ನು ಸೂರ್ಯನ ಗುರುತಿಗೆ, ಟೈಮ್ ಅನ್ನು ಕಡಿಮೆಗೆ ಇಟ್ಟು ಹಗಲಲ್ಲೇ ನಡೆದು ನೋಡಿ, ಎಲ್ಲಿಂದ ಹಿಡಿಯುತ್ತದೆ ಅಂತ ಗೊತ್ತಾಗುತ್ತದೆ. ದೂರದ ರಸ್ತೆಯನ್ನೂ ಹಿಡಿದರೆ ಸೆನ್ಸ್ ಇಳಿಸಿ. ಆಮೇಲೆ ಲಕ್ಸ್ ಅನ್ನು ಚಂದ್ರನ ಕಡೆಗೆ ತಿರುಗಿಸಿ.

ಟೈಮ್ ಎಷ್ಟು ಇಡಬೇಕು ಅನ್ನುವುದನ್ನು ಮನೆಯವರನ್ನು ಕೇಳಿ. ನಾವು ಒಂದು ನಿಮಿಷ ಇಟ್ಟಿದ್ದೆವು. ಅವ್ವ ಕೂತು ಪಾತ್ರೆ ತಿಕ್ಕುವಾಗ ಮೈ ಜಾಸ್ತಿ ಅಲ್ಲಾಡದೆ ಲೈಟ್ ಆರಿಹೋಗುತ್ತಿತ್ತು, ಪ್ರತಿ ಸಲ ಕೈ ಎತ್ತಿ ಬೀಸಬೇಕಾಗುತ್ತಿತ್ತು. ಈಗ ಐದು ನಿಮಿಷಕ್ಕೆ ಇಟ್ಟಿದ್ದೇವೆ.