ನಿಮ್ಮ ಕೆಲಸದ ಕ್ರಮಕ್ಕೆ ಒಗ್ಗುವ ಫೋಟೊ ಸಂಪಾದನಾ ತಂತ್ರಾಂಶವನ್ನು ಆರಿಸುವ ಬಗೆ

ಫೋಟೊ ತಿದ್ದುವ ತಂತ್ರಾಂಶ ಬೇಕೆಂದಾಗ ಹೆಚ್ಚಿನವರು ಸೌಲಭ್ಯಗಳ ಪಟ್ಟಿಗಳನ್ನು ಹೋಲಿಸಲು ಕೂರುತ್ತಾರೆ. ಬೆಳಕು, ಬಣ್ಣ, ಕ್ರಾಪ್‌ನಂತಹ ಮೂಲ ಸಲಕರಣೆಗಳು ಇಂದು ಬಹುತೇಕ ಎಲ್ಲದರಲ್ಲೂ ಇರುವುದರಿಂದ ಆ ಹೋಲಿಕೆ ಹೆಚ್ಚೇನನ್ನೂ ತಿಳಿಸದು. ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಾಗಿನಿಂದ ಅಂತಿಮ ಚಿತ್ರ ಸಿದ್ಧವಾಗುವವರೆಗೆ ನಿಮ್ಮ ಸಮಯ ಎಲ್ಲಿ ಖರ್ಚಾಗುತ್ತದೆ ಎಂಬುದನ್ನು ಮೊದಲು ಗಮನಿಸಿ.

ಮದುವೆ ಅಥವಾ ಕ್ರೀಡಾಕೂಟದ ನೂರಾರು ಚಿತ್ರಗಳಲ್ಲಿ ಒಳ್ಳೆಯವನ್ನು ಹೆಕ್ಕುವುದೇ ದೊಡ್ಡ ಕೆಲಸವಾಗಿದ್ದರೆ, ರಾ ಕಡತದೊಳಗೆ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ದತ್ತಾಂಶ) ಅಡಗಿರುವ ಜೆಪೆಗ್ ಮುನ್ನೋಟವನ್ನೇ ತೋರಿಸಿ ಕಾಯಿಸದೆ ಮುಂದುವರಿಯುವ ಫೋಟೊ ಮೆಕ್ಯಾನಿಕ್‌ನಂತಹ ಸಾಧನ ನೆರವಾಗುತ್ತದೆ. ಒಂದು ಚಿತ್ರದ ತಿದ್ದುಪಡಿಯನ್ನು ಇಡೀ ಗುಂಪಿಗೆ ಅನ್ವಯಿಸಲು ಲೈಟ್‌ರೂಮ್ ಕ್ಲಾಸಿಕ್, ಕ್ಯಾಪ್ಚರ್ ಒನ್, ಡಾರ್ಕ್‌ಟೇಬಲ್ ಮೂರೂ ಸಮರ್ಥವಾಗಿವೆ. ಒಂದೇ ಚಿತ್ರದ ಮೇಲೆ ಗಂಟೆಗಟ್ಟಲೆ ಕುಳಿತು ಹಲವು ಚಿತ್ರಗಳನ್ನು ಬೆಸೆಯುವವರಿಗೆ ಬೇಕಿರುವುದು ಚಿತ್ರಗಳನ್ನು ಒಂದರ ಮೇಲೊಂದಾಗಿ ಇಟ್ಟು ಬೇರೆಬೇರೆಯಾಗಿ ತಿದ್ದಲು ಬಿಡುವ ಲೇಯರ್‌ಗಳು, ಅಂದರೆ ಫೋಟೊಶಾಪ್, ಅಫಿನಿಟಿ ಅಥವಾ ಉಚಿತವಾದ ಗಿಂಪ್. 2025ರಲ್ಲಿ ಬಂದ ಗಿಂಪ್ 3.0ರಲ್ಲಿ ಫಿಲ್ಟರ್‌ಗಳನ್ನು ಹಾಕಿದ ಮೇಲೂ ಬದಲಿಸಬಹುದಾದ್ದರಿಂದ, ಹಳೆಯ ಆವೃತ್ತಿಯನ್ನು ಕಂಡು ಕೈಬಿಟ್ಟವರು ಅದನ್ನು ಮತ್ತೊಮ್ಮೆ ನೋಡಬಹುದು.

ನೀವು ರಾ ರೂಪದಲ್ಲಿ ಚಿತ್ರ ತೆಗೆಯುವವರೇ ಎಂಬುದೂ ಮುಖ್ಯ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮಟ್ಟಗಳಿದ್ದರೆ 14 ಬಿಟ್ ರಾ ಕಡತದಲ್ಲಿ 16,384 ಇರುತ್ತವೆ, ಹಾಗಾಗಿ ತಿದ್ದಲು ಹೆಚ್ಚು ಅವಕಾಶವಿರುತ್ತದೆ. ಜೆಪೆಗ್ ಮಾತ್ರ ಬಳಸುವವರಿಗೆ ಸರಳ ತಂತ್ರಾಂಶವೇ ಸಾಕು. ರಾ ಬಳಸುವವರು ತಮ್ಮ ಕ್ಯಾಮೆರಾ ಮಾದರಿಗೆ ಬೆಂಬಲವಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ತೂಕದ ಪ್ರಶ್ನೆ, ತಿದ್ದುಪಡಿಗಳು ಎಲ್ಲಿ ಉಳಿಯುತ್ತವೆ ಎಂಬುದು. ರಾ ತಂತ್ರಾಂಶಗಳು ಮೂಲ ಚಿತ್ರವನ್ನು ಮುಟ್ಟದೆ, ಮಾಡಿದ ಬದಲಾವಣೆಗಳನ್ನು ಸೂಚನೆಗಳಾಗಿ ಬರೆದಿಡುತ್ತವೆ. ಲೈಟ್‌ರೂಮ್ ಕ್ಲಾಸಿಕ್ ಅವನ್ನು ತನ್ನ ದತ್ತಸಂಚಯವಾದ ಕ್ಯಾಟಲಾಗ್‌ನಲ್ಲಿಡುತ್ತದೆ, ಬಯಸಿದರೆ ಚಿತ್ರದ ಮಾಹಿತಿಯನ್ನು ಹಿಡಿದಿಡುವ ಸಣ್ಣ ಎಕ್ಸ್‌ಎಂಪಿ ಕಡತದಲ್ಲೂ ಬರೆಯುತ್ತದೆ. ಡಾರ್ಕ್‌ಟೇಬಲ್ ತನ್ನ ದತ್ತಸಂಚಯದ ಜೊತೆಗೆ ಚಿತ್ರದ ಪಕ್ಕದಲ್ಲೇ ಎಕ್ಸ್‌ಎಂಪಿ ಕಡತವನ್ನೂ ಇಡುತ್ತದೆ. ಆದರೂ ಒಂದರ ಸೂಚನೆಗಳನ್ನು ಇನ್ನೊಂದು ಪೂರ್ತಿಯಾಗಿ ಓದಲಾರದು: ನಕ್ಷತ್ರದ ಗುರುತುಗಳೂ ಕೀವರ್ಡ್‌ಗಳೂ ಸಾಮಾನ್ಯವಾಗಿ ದಾಟುತ್ತವೆ, ಬಣ್ಣ-ಬೆಳಕಿನ ತಿದ್ದುಪಡಿಗಳು ಬಹುಪಾಲು ಹಿಂದೆಯೇ ಉಳಿಯುತ್ತವೆ. ತನ್ನ ಫೋಟೊ ತಂತ್ರಾಂಶವಾದ ಅಪರ್ಚರ್‌ನ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ ಆಪಲ್ 2014ರಲ್ಲಿ ಘೋಷಿಸಿದಾಗ ಅದನ್ನು ನಂಬಿದ್ದವರು ಎದುರಿಸಿದ್ದು ಇದೇ ತೊಡಕನ್ನು. ಆದ್ದರಿಂದ ಯಾವುದನ್ನೇ ಆರಿಸಿದರೂ, ಮುಗಿದ ಮುಖ್ಯ ಚಿತ್ರಗಳನ್ನು 16 ಬಿಟ್ ಟಿಫ್ (ಬಹುತೇಕ ತಂತ್ರಾಂಶಗಳು ತೆರೆಯಬಲ್ಲ ಕಡತ ರೂಪ) ಆಗಿ ಬೇರೆ ಇಟ್ಟುಕೊಳ್ಳಿ.

ಹಣದ ಲೆಕ್ಕಕ್ಕೂ ಇದೇ ಮಾತು ಸಲ್ಲುತ್ತದೆ. ಲೈಟ್‌ರೂಮ್ ಕ್ಲಾಸಿಕ್‌ನ ಚಂದಾ ಮುಗಿದ ಮೇಲೆ ಚಿತ್ರಗಳನ್ನು ನೋಡಬಹುದು, ಹೊರತೆಗೆಯಬಹುದು, ಆದರೆ ತಿದ್ದುಪಡಿ ಮಾಡುವ ಡೆವಲಪ್ ವಿಭಾಗ ಮುಚ್ಚಿಕೊಳ್ಳುತ್ತದೆ. ಡಾರ್ಕ್‌ಟೇಬಲ್, ರಾಥೆರಪಿ ಉಚಿತವಾಗಿದ್ದು ಲಿನಕ್ಸ್‌ನಲ್ಲೂ ನಡೆಯುತ್ತವೆ. ಅವು ಕೇಳುವ ಬೆಲೆ ಕಲಿಕೆಯ ತಾಳ್ಮೆ.

ಎರಡು ತಂತ್ರಾಂಶಗಳಿಗೆ ಆಯ್ಕೆ ಇಳಿದ ಮೇಲೆ, ಪ್ರಾಯೋಗಿಕ ಅವಧಿಯಲ್ಲಿ ನಿಮ್ಮದೇ ಚಿತ್ರಗಳ ಒಂದು ಗುಂಪಿನ ಪ್ರತಿಯನ್ನು ಎರಡರಲ್ಲೂ ಆಯ್ಕೆಯಿಂದ ಎಕ್ಸ್‌ಪೋರ್ಟ್‌ವರೆಗೆ ನಡೆಸಿ ನೋಡಿ. ಎಐ ಆಧಾರಿತ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳಾದ ಕಲೆ) ನಿವಾರಣೆ ಗ್ರಾಫಿಕ್ಸ್ ಕಾರ್ಡ್‌ನ ಮೇಲೆ ಹೆಚ್ಚು ಭಾರ ಹಾಕುವುದರಿಂದ, ಈ ಪರೀಕ್ಷೆಯನ್ನು ನೀವು ದಿನವೂ ಬಳಸುವ ಕಂಪ್ಯೂಟರಿನಲ್ಲೇ ಮಾಡಬೇಕು.