ಅಪಲಾಚಿಯನ್ ಟ್ರೇಲ್‌ನ ನೆನಪು ದಾಖಲಿಸುತ್ತಾ ಮೌಖಿಕ ಇತಿಹಾಸ ಕಲಿಯುವುದು

ನಡೆದವರ, ಕಂಡವರ ನೆನಪನ್ನು ಅವರ ಬಾಯಿಂದಲೇ ರೆಕಾರ್ಡ್ ಮಾಡಿ ಉಳಿಸುವುದು ಮೌಖಿಕ ಇತಿಹಾಸ. ಅಮೆರಿಕದ ಅಪಲಾಚಿಯನ್ ಟ್ರೇಲ್ ಜಾಗ ಬದಲಿಸುತ್ತಲೇ ಬಂದ ಚಾರಣದ ಹಾದಿ. 1937ರಲ್ಲಿ ಪೂರ್ತಿಯಾದಾಗ ಅದರ ದಕ್ಷಿಣದ ತುದಿ ಜಾರ್ಜಿಯಾದ ಓಗಲ್‌ಥಾರ್ಪ್ ಬೆಟ್ಟ. 1958ರಲ್ಲಿ ಅದು ಸ್ಪ್ರಿಂಗರ್ ಬೆಟ್ಟಕ್ಕೆ ಬಂತು. 1955ರಲ್ಲಿ ನಡೆದವರು ಹೇಳುವ 'ಹೊರಟ ಜಾಗ'ವೇ ಬೇರೆ, 1975ರಲ್ಲಿ ನಡೆದವರದೇ ಬೇರೆ. ಹೀಗಾಗಿ ಯಾವ ವರ್ಷ, ಯಾವ ತಿರುವು ಎಂದು ಗೊತ್ತಾಗದ ನೆನಪು ಇಲ್ಲಿ ಅರ್ಧ ಉಪಯೋಗಕ್ಕೂ ಬರುವುದಿಲ್ಲ.

ಇಡೀ ಹಾದಿಯ ಸುಮಾರು 3,500 ಕಿಲೋಮೀಟರಿಗೆ ಕೈಹಾಕಬೇಡಿ. ಹಾದಿಯನ್ನು ಸ್ವಯಂಸೇವಕರ ಕ್ಲಬ್‌ಗಳು ಭಾಗ ಹಂಚಿಕೊಂಡು ನೋಡಿಕೊಳ್ಳುತ್ತವೆ. ಒಂದು ಕ್ಲಬ್ಬಿನ 40 ಕಿಲೋಮೀಟರ್ ಸಾಕು. ನಡೆದವರನ್ನಷ್ಟೇ ಹುಡುಕಿದರೆ ಎಲ್ಲರದೂ ಒಂದೇ ಕಥೆಯಾಗುತ್ತದೆ. ಹಾದಿಯ ಪೊದೆ ಸವರಿದವರು, ಪಕ್ಕದ ಊರಲ್ಲಿ ಚಾರಣಿಗರು ತಂಗುವ ಹಾಸ್ಟೆಲ್ ನಡೆಸಿದವರು, ಜಮೀನು ಬಿಟ್ಟುಕೊಟ್ಟ ಮನೆಗಳವರೂ ಬೇಕು. ಈ ಹಾದಿ ಹಾಯುವ ವರ್ಜೀನಿಯಾದ ಶೆನಾಂಡೋವಾದಲ್ಲಿ 1930ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನಕ್ಕಾಗಿ ಬೆಟ್ಟದ ಕುಟುಂಬಗಳನ್ನು ಎಬ್ಬಿಸಿದ್ದರು. ಅವರ ಮಕ್ಕಳು, ಮೊಮ್ಮಕ್ಕಳು ಹೇಳುವುದು ಚಾರಣಿಗರ ಮಾತಿನಲ್ಲಿ ಸಿಗುವುದಿಲ್ಲ.

ಮೊದಲು ಫೋನಿನಲ್ಲಿ 20 ನಿಮಿಷ ಮಾತಾಡಿ: ಯಾವ ವರ್ಷ, ಎಲ್ಲಿಂದ ಎಲ್ಲಿಗೆ, ಜೊತೆಗೆ ಯಾರು. ಕಥೆ ಶುರುವಾದರೆ ಮೆಲ್ಲನೆ ತಡೆಯಿರಿ. ಒಮ್ಮೆ ಹೇಳಿಬಿಟ್ಟರೆ ರೆಕಾರ್ಡಿಂಗ್ ದಿನ "ಆಗಲೇ ಹೇಳಿದೆನಲ್ಲ" ಎಂದು ನಾಲ್ಕೇ ಮಾತಿಗೆ ಮುಗಿಯುತ್ತದೆ.

ನಡೆಯುತ್ತಾ ರೆಕಾರ್ಡ್ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಉಸಿರು, ಬೂಟು, ಗಾಳಿ ಸೇರಿ ಅರ್ಧ ಮಾತು ಹೋಗುತ್ತದೆ. ಒಳಗೆ ಕೂತೇ ಮಾಡಿ. ವೇವ್ ಫೈಲ್, 48 ಕಿಲೋಹರ್ಟ್ಸ್, 24 ಬಿಟ್: ಮೋನೊದಲ್ಲಿ (ಒಂದೇ ಚಾನೆಲ್) ಗಂಟೆಗೆ ಸುಮಾರು 520 ಎಂಬಿ. ಮೈಕ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿರಲಿ. ಏರುದನಿಯೂ ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲಲಿ. ಅಡುಗೆಮನೆಯಲ್ಲಿ ಕೂತರೆ, ಕೇಳಿಕೊಂಡು ಫ್ರಿಜ್ ಆರಿಸಿ, ನಿಮ್ಮ ಕಾರಿನ ಕೀಲಿಯನ್ನು ಅದರೊಳಗಿಡಿ. ಆಗ ಮತ್ತೆ ಹಾಕುವುದನ್ನು ಮರೆತು ಹೊರಡಲಾಗುವುದಿಲ್ಲ.

ರೆಕಾರ್ಡಿಂಗ್ ಶುರುವಿಗೆ ಇಬ್ಬರ ಹೆಸರು, ತಾರೀಕು, ಸ್ಥಳ ಹೇಳಿ. "ಕಷ್ಟ ಆಯಿತಾ?" ಎಂದರೆ "ಹೂಂ" ಎನ್ನುತ್ತಾರೆ. "ಶೆಲ್ಟರ್ ತಲುಪಿದ ಮೊದಲ ಸಂಜೆ ಏನೇನು ಮಾಡಿದಿರಿ?" ಎಂದರೆ (ಶೆಲ್ಟರ್ ಎಂದರೆ ಹಾದಿಬದಿಯ ತಂಗುದಾಣ) ಒಲೆ, ನೀರು, ಇಲಿಕಾಟ ಎಲ್ಲ ಬರುತ್ತದೆ. ಅವರು ನಿಲ್ಲಿಸಿದಾಗ ಮನಸ್ಸಲ್ಲೇ ಎಂಟರವರೆಗೆ ಎಣಿಸಿ. ಮುಖ್ಯವಾದದ್ದು ಹೆಚ್ಚಾಗಿ ಆ ಸಂದಿನಲ್ಲಿ ಬರುತ್ತದೆ. ನೀವು ಹೂಂಗುಟ್ಟಬೇಡಿ, ತಲೆಯಾಡಿಸಿ ಸಾಕು.

ಎದುರಿಗೆ ನಕ್ಷೆ ಹಾಸಿ, ಆದರೆ ಅವರು ನಡೆದ ಕಾಲದ್ದು. ಇಂದಿನ ನಕ್ಷೆ ತೋರಿಸಿದರೆ ನೆನಪು ಅದಕ್ಕೇ ಹೊಂದಿಕೊಂಡುಬಿಡುತ್ತದೆ. ಬೆರಳಿಟ್ಟು "ಇಲ್ಲೇ ತಿರುಗಿದ್ದು" ಎಂದರೆ ರೆಕಾರ್ಡರಿಗೆ ಕಾಣುವುದಿಲ್ಲ, "ಅದು ಯಾವ ತೊರೆ?" ಎಂದು ಕೇಳಿ, ಹೆಸರು ಅವರ ಬಾಯಿಂದಲೇ ಬರಲಿ. ಚಾರಣಿಗರಿಗೆ ಪರಸ್ಪರ ಗೊತ್ತಿರುವುದು ಬಹುಮಟ್ಟಿಗೆ ಟ್ರೇಲ್ ಹೆಸರು, ಅಂದರೆ ಹಾದಿಯಲ್ಲಿ ಬಳಸುವ ಅಡ್ಡಹೆಸರು ಮಾತ್ರ. ಅಡ್ಡಹೆಸರು, ನಿಜಹೆಸರು ಎರಡನ್ನೂ ಬರೆದುಕೊಂಡು, ಯಾವುದನ್ನು ಹೊರಗೆ ಹೇಳಬಹುದು ಎಂದು ಕೇಳಿ. ಶೆಲ್ಟರ್‌ಗಳಲ್ಲಿ ಚಾರಣಿಗರು ಬರೆದಿಟ್ಟ ರಿಜಿಸ್ಟರ್ ಪುಸ್ತಕ ಉಳಿದಿದ್ದರೆ ತಾರೀಕು ತಾಳೆಯಾಗುತ್ತದೆ. ತಾಳೆಯಾಗದಿದ್ದರೆ ಅವರನ್ನು ತಿದ್ದಬೇಡಿ, ಟಿಪ್ಪಣಿಯಲ್ಲಿ ಗುರುತಿಸಿ. ಎರಡು ಸಲ ನಡೆದವರು ಎರಡನ್ನೂ ಒಂದೇ ಮಳೆಗಾಲಕ್ಕೆ ಸೇರಿಸಿ ಹೇಳುವುದು ಮಾಮೂಲು.

ರೆಕಾರ್ಡ್ ಮಾಡಲು ಒಪ್ಪಿಗೆ ಮೊದಲೇ ಬೇಕು. ಬಳಕೆಯ ಹಕ್ಕಿನ ಪತ್ರಕ್ಕೆ ಸಹಿ ಮಾತ್ರ ಕೊನೆಯಲ್ಲಿ. ತಾನು ಏನು ಹೇಳಿದೆ ಎಂದು ಗೊತ್ತಾದ ಮೇಲಷ್ಟೇ ಆ ಸಹಿಗೆ ಬೆಲೆ. ಯಾವ ಭಾಗ ಮುಚ್ಚಿಡಬೇಕು, ಎಷ್ಟು ವರ್ಷ, ಯಾವ ಸಂಗ್ರಹಾಲಯಕ್ಕೆ ಕೊಡುತ್ತೀರಿ ಎಂಬುದೂ ಅದರಲ್ಲಿರಲಿ.

ಅಂದೇ ರಾತ್ರಿ ಎರಡು ಪ್ರತಿ ಮಾಡಿ. ಮೂರನೆಯದು ಬೇರೆ ಕಡೆ ಇರಲಿ. ಒಂದು ಗಂಟೆ ಮಾತನ್ನು ಬರಹಕ್ಕಿಳಿಸಲು ಆರೆಂಟು ಗಂಟೆ ಹಿಡಿಯುತ್ತದೆ. ಸಮಯವಿಲ್ಲದಿದ್ದರೆ ಐದೈದು ನಿಮಿಷಕ್ಕೆ ಒಂದು ಸಾಲಿನ ಸೂಚಿಯಾದರೂ ಮಾಡಿ. ಯಂತ್ರದಿಂದ ಬರೆಸಿದರೆ ಮೊದಲು ಕೆಡುವುದು ಊರು, ತೊರೆಗಳ ಹೆಸರು; ನಕ್ಷೆ ಪಕ್ಕದಲ್ಲಿಟ್ಟುಕೊಂಡು ಸರಿಪಡಿಸಿ. ಬರಹದ ಪ್ರತಿಯನ್ನು ಮಾತಾಡಿದವರಿಗೆ ಕಳಿಸಿ. ಅವರ ತಿದ್ದುಪಡಿ ಚೌಕ ಕಂಸದಲ್ಲಿ ಬರಲಿ, ಮೂಲ ಧ್ವನಿಯನ್ನು ಮುಟ್ಟಬೇಡಿ.